ಕ್ರಾಂತಿಯ ಮರುದಿನ ಕರಡು ಬರೆಯಲು ಕೂತವರು ಯಾರು?

2025ರ ಸೆಪ್ಟೆಂಬರಿನಲ್ಲಿ ಯುವಜನರ ಬಂಡಾಯದಿಂದ ನೇಪಾಳದ ಸರಕಾರ ಉರುಳಿ, ಸುಶೀಲಾ ಕಾರ್ಕಿ ಅವರು ಆ ದೇಶದ ಮೊದಲ ಮಹಿಳಾ ಪ್ರಧಾನಿಯಾಗಿ ಮಧ್ಯಂತರ ಆಡಳಿತ ವಹಿಸಿಕೊಂಡದ್ದನ್ನು ನೆನೆಯುತ್ತ, ಹಿಂದಿನ ಸಂಚಿಕೆಯ ಈ ಅಂಕಣದಲ್ಲಿ ನಾನು ಒಂದು ಮಾತು ಬರೆದಿದ್ದೆ. ಕ್ರಾಂತಿಯಾದ ದೇಶದಲ್ಲಿ ಹೆಂಗಸರ ಮತ್ತು ಅಂಚಿನ ಜನರ ಸ್ಥಿತಿ ಏನಾಯಿತೆಂಬುದನ್ನು ದೊಡ್ಡ ಕುರ್ಚಿಯಲ್ಲಿ ಯಾರು ಕೂತರೆಂಬುದರಿಂದ ಅಳೆಯಲಾಗದು, ಹೊಸ ಕಾನೂನಿನ ಕರಡು ಬರೆಯುವಾಗ ಮೇಜಿನ ಸುತ್ತ ಯಾರು ಕೂತಿದ್ದರೆಂಬುದರಿಂದ ಅಳೆಯಬೇಕು ಎಂಬುದೇ ಆ ಮಾತು. ಅದಕ್ಕೆ ಮುಂಬಯಿ, ಪುಣೆ ಮತ್ತು ಗೋವಾಗಳಿಂದ ಬಂದ ಪತ್ರಗಳಲ್ಲಿ ಆರನ್ನು ಆರಿಸಿಕೊಂಡಿದ್ದೇನೆ. ಒಂದೆರಡು ಪತ್ರಗಳು ಖಾಸಗಿ ಸಂಗತಿಗಳನ್ನು ಹೇಳಿರುವುದರಿಂದ ಯಾರ ಹೆಸರನ್ನೂ ಪ್ರಕಟಿಸಿಲ್ಲ.

ಪ್ರಶ್ನೆ: ದಾದರಿನ ಇರಾನಿ ಹೋಟೆಲಿನಲ್ಲಿ ಚಹಾ ಕುಡಿಯುತ್ತ ಇರಾನಿನ ಕ್ರಾಂತಿಯ ಸುದ್ದಿಯನ್ನು ದಿನವೂ ಓದಿದ ಪೀಳಿಗೆಯವನು ನಾನು. ಅಂದು ಲಕ್ಷಾಂತರ ಹೆಂಗಸರು ತಾವಾಗಿ ತಲೆಯಿಂದ ಪಾದದವರೆಗೆ ಮುಚ್ಚುವ ಚಾದರ ಹೊದ್ದು ಬೀದಿಗಿಳಿದಿದ್ದರು. ತಾವೇ ತಂದ ಆಡಳಿತ ತಮ್ಮ ಮೇಲೆ ಕಟ್ಟಳೆ ಹೇರಿತೆಂದು ಈಗ ದೂರುವುದರಲ್ಲಿ ಅರ್ಥವೇನು? ತಪ್ಪಿನಲ್ಲಿ ಅವರ ಪಾಲೂ ಇಲ್ಲವೇ?
(ನಿವೃತ್ತ ಬ್ಯಾಂಕ್ ಉದ್ಯೋಗಿ, ಮಾಟುಂಗಾ)

ಉತ್ತರ: ಮಾನ್ಯರೇ, ಮೊದಲು ಆ ಚಾದರದ ವಿಷಯವನ್ನೇ ನೋಡೋಣ. 1936ರಲ್ಲಿ ರೆಜಾ ಶಾ ಎಂಬ ದೊರೆ ಹೆಂಗಸರು ತಲೆ ಮುಚ್ಚಿಕೊಳ್ಳುವುದನ್ನೇ ನಿಷೇಧಿಸಿ, ಪೊಲೀಸರ ಕೈಯಿಂದ ನಡುಬೀದಿಯಲ್ಲಿ ಮುಸುಕು ಕೀಳಿಸಿದ್ದ. ಆ ಅವಮಾನಕ್ಕೆ ಅಂಜಿ ಮನೆಯ ಹೊಸ್ತಿಲು ದಾಟುವುದನ್ನೇ ಬಿಟ್ಟ ಹೆಂಗಸರು ಎಷ್ಟೋ ಮಂದಿ. ಅವನ ಮಗನ ಆಳ್ವಿಕೆಯ ಕೊನೆಯಲ್ಲಿ, ಎಂದೂ ತಲೆ ಮುಚ್ಚದ ಕಾಲೇಜು ಹುಡುಗಿಯರೂ ಮೆರವಣಿಗೆಗೆ ಚಾದರ ಹೊದ್ದು ಬಂದದ್ದು ಅರಮನೆಯ ಮೇಲಿನ ಸಿಟ್ಟಿಗೆ. ಬದುಕಿಡೀ ಅದನ್ನೇ ಹೊದೆಯುತ್ತೇವೆಂದು ಅವರು ಯಾರಿಗೂ ಬರೆದುಕೊಟ್ಟಿರಲಿಲ್ಲ.

1979ರ ಫೆಬ್ರವರಿ 11ರಂದು ರಾಜಸತ್ತೆ ಬಿತ್ತು. ಗಂಡ ನ್ಯಾಯಾಲಯದ ಹೊರಗೆ ಬಾಯಿಮಾತಿನಲ್ಲೇ ತಲಾಖ್ ಕೊಡುವುದನ್ನು ತಡೆದಿದ್ದ, ಎರಡನೆಯ ಮದುವೆಗೆ ನ್ಯಾಯಾಲಯದ ಅನುಮತಿ ಬೇಕೆಂದಿದ್ದ 1967ರ ಕುಟುಂಬ ಸಂರಕ್ಷಣಾ ಕಾನೂನನ್ನು ಆ ತಿಂಗಳು ಮುಗಿಯುವ ಮೊದಲೇ ಬದಿಗಿಡಲಾಯಿತು. ಮಾರ್ಚ್ 7ರಂದು, ಕಚೇರಿಗೆ ಬರುವ ಹೆಂಗಸರು ಹಿಜಾಬ್ ಧರಿಸಿಯೇ ಬರಬೇಕೆಂಬ, ಕ್ರಾಂತಿಯ ನಾಯಕರಾದ ಧರ್ಮಗುರು ಖೊಮೇನಿಯವರ ಮಾತು ಹೊರಬಿತ್ತು. ಮರುದಿನ ಮಾರ್ಚ್ 8, ಅಂತರರಾಷ್ಟ್ರೀಯ ಮಹಿಳಾ ದಿನ. ಸಾವಿರಾರು ಹೆಂಗಸರು ತೆಹರಾನಿನ ಬೀದಿಗಳಿಗೆ ಬಂದರು, ಮುಂದಿನ ದಿನಗಳಲ್ಲೂ ಬಂದರು. ಬೈಗುಳ, ಕಲ್ಲು, ಚಾಕು ಎಲ್ಲವನ್ನೂ ಎದುರಿಸಿದರು. ಅವರು ಕೇಳದೆ ಸುಮ್ಮನಿದ್ದರು ಎಂಬ ಭಾವನೆ ನಿಮ್ಮ ಪತ್ರದಲ್ಲಿದೆ. ಅವರು ಒಂದು ತಿಂಗಳೂ ಸುಮ್ಮನಿರಲಿಲ್ಲ.

ಅವರ ಜೊತೆಗೆ ನಿಲ್ಲಬೇಕಾಗಿದ್ದವರು ನಿಲ್ಲಲಿಲ್ಲ. ರಾಜನ ಜೈಲಿನಲ್ಲಿ ಅವರೊಡನೆ ಕೊಳೆತಿದ್ದ ಎಡಪಂಥೀಯ ಗುಂಪುಗಳಲ್ಲೇ ಹಲವು, ಈಗ ಸಾಮ್ರಾಜ್ಯಶಾಹಿಯೇ ಮುಖ್ಯ ಶತ್ರು, ಉಡುಪಿನ ಮಾತು ಆಮೇಲೆ ಎಂದು ಪಕ್ಕಕ್ಕೆ ಸರಿದವು. ಆಡಳಿತ ಹೆಂಗಸರ ಪ್ರತಿಭಟನೆಗೆ ತಾತ್ಕಾಲಿಕವಾಗಿ ಹಿಂಜರಿದು, ವಿರೋಧಿಗಳನ್ನು ಒಬ್ಬೊಬ್ಬರನ್ನಾಗಿ ಮುಗಿಸುತ್ತ, 1980ರಲ್ಲಿ ಸರಕಾರಿ ಕಚೇರಿಗಳಿಗೂ 1983ರಲ್ಲಿ ದಂಡಸಂಹಿತೆಯ ಮೂಲಕ ಇಡೀ ದೇಶಕ್ಕೂ ಹಿಜಾಬನ್ನು ಕಡ್ಡಾಯ ಮಾಡಿತು. ಮೀರಿದವರಿಗೆ 74 ಛಡಿಯೇಟು. ಅಷ್ಟರಲ್ಲಿ ಆ ಎಡಪಂಥೀಯರೂ ಜೈಲಿನಲ್ಲಿದ್ದರು. ‘ಆಮೇಲೆ’ ಎಂಬುದು ಯಾರ ಪಾಲಿಗೂ ಬರಲಿಲ್ಲ. ಹುಡುಗಿಯರ ಮದುವೆಯ ವಯಸ್ಸು ಒಂಬತ್ತು ಚಾಂದ್ರಮಾನ ವರ್ಷಕ್ಕಿಳಿಯಿತು. ಅದನ್ನು 13ಕ್ಕೆ ಏರಿಸಲು 2002ರ ತನಕ ಹೆಣಗಬೇಕಾಯಿತು. ತೆಹರಾನಿನ ನ್ಯಾಯಾಲಯವೊಂದರ ಮುಖ್ಯಸ್ಥೆಯಾಗಿದ್ದ ಶಿರೀನ್ ಎಬಾದಿ ಅವರನ್ನು, ಹೆಂಗಸು ನ್ಯಾಯಾಧೀಶಳಾಗಲು ತಕ್ಕವಳಲ್ಲವೆಂದು, ಅದೇ ನ್ಯಾಯಾಲಯದಲ್ಲಿ ಗುಮಾಸ್ತೆಯ ಕೆಲಸಕ್ಕೆ ಕೂರಿಸಿದರು. 2003ರ ನೊಬೆಲ್ ಶಾಂತಿ ಪ್ರಶಸ್ತಿ ಬಂದದ್ದು ಅವರಿಗೇ.

ನೀವು ನೆನೆಸಿಕೊಂಡ ಇರಾನಿ ಹೋಟೆಲಿಗೂ ಈ ಕಥೆಗೂ ಹಳೆಯ ನಂಟಿದೆ. ಆ ಹೋಟೆಲುಗಳನ್ನು ಕಟ್ಟಿದವರಲ್ಲಿ ಬಹಳ ಮಂದಿ ಇರಾನಿನ ಯಜ್ದ್ ಮತ್ತು ಕೆರ್ಮಾನ್ ಕಡೆಯಿಂದ ಬಡತನ ಮತ್ತು ಕಿರುಕುಳಗಳನ್ನು ತಾಳಲಾರದೆ ಮುಂಬಯಿಗೆ ಬಂದ ಜರತುಷ್ಟ್ರಧರ್ಮೀಯರು, ಅಂದರೆ ಪಾರ್ಸಿಗಳ ಧರ್ಮದವರೇ. ಅವರ ಮೇಲೆ ಹೇರಿದ್ದ ಜಿಜಿಯಾ ತೆರಿಗೆ 1882ರಲ್ಲಿ ರದ್ದಾದದ್ದರ ಹಿಂದೆ ಮುಂಬಯಿಯ ಪಾರ್ಸಿಗಳು ಅಲ್ಲಿಗೆ ಕಳಿಸಿದ್ದ ಮಾಣೆಕ್‌ಜಿ ಲಿಮ್‌ಜಿ ಹತಾರಿಯಾ ಅವರ ದಶಕಗಳ ದುಡಿಮೆಯಿತ್ತು. 1979ರ ಸಂವಿಧಾನ ಜರತುಷ್ಟ್ರಧರ್ಮೀಯರನ್ನು, ಯಹೂದಿಗಳನ್ನು, ಕ್ರೈಸ್ತರನ್ನು ಅಲ್ಪಸಂಖ್ಯಾತರೆಂದು ಹೆಸರಿಸಿತು. ಆದರೆ ದೇಶದ ಅತಿದೊಡ್ಡ ಮುಸ್ಲಿಮೇತರ ಅಲ್ಪಸಂಖ್ಯಾತರಾದ, ಬಹಾಯಿ ಧರ್ಮದವರ ಹೆಸರನ್ನೇ ಬರೆಯಲಿಲ್ಲ. ಹೆಸರಿಲ್ಲದವರಿಗೆ ಹಕ್ಕೂ ಇಲ್ಲವಾಯಿತು: ನೌಕರಿ ಹೋಯಿತು, ವಿಶ್ವವಿದ್ಯಾಲಯದ ಬಾಗಿಲು ಮುಚ್ಚಿತು, 1983ರ ಜೂನ್ 18ರಂದು ಶಿರಾಜ್ ನಗರದಲ್ಲಿ ಹತ್ತು ಮಂದಿ ಬಹಾಯಿ ಹೆಂಗಸರನ್ನು ನೇಣಿಗೆ ಹಾಕಿದರು. ಅವರಲ್ಲಿ ಕಿರಿಯವಳಿಗೆ 17 ವರ್ಷ. ಮಕ್ಕಳಿಗೆ ಧರ್ಮಪಾಠ ಹೇಳಿಕೊಟ್ಟದ್ದು ಅವಳ ಮೇಲಿನ ಆರೋಪಗಳಲ್ಲೊಂದು. ಈ ಸಾಲನ್ನು ಬರೆಯುವಾಗ ಪ್ರತಿ ಸಲವೂ ನನ್ನ ಕೈ ತಡೆಯುತ್ತದೆ.

ಅದೇ ಆಡಳಿತದಲ್ಲಿ ಹೆಣ್ಣುಮಕ್ಕಳ ಓದು ಬಹಳ ಹರಡಿತೆಂಬುದನ್ನೂ ಹೇಳಬೇಕು. ಪ್ರತ್ಯೇಕ ವ್ಯವಸ್ಥೆ ಇದೆಯೆಂಬ ಧೈರ್ಯದಿಂದ ಸಂಪ್ರದಾಯಸ್ಥ ಕುಟುಂಬಗಳು ಮಗಳಂದಿರನ್ನು ಕಾಲೇಜಿಗೆ ಕಳಿಸಿದವು, ವಿಶ್ವವಿದ್ಯಾಲಯ ಸೇರುವವರಲ್ಲಿ ಅರ್ಧಕ್ಕಿಂತ ಹೆಚ್ಚು ಹುಡುಗಿಯರಾದ ವರ್ಷಗಳೂ ಬಂದವು. ಹಾಗೆ ಓದಿದವರ ಮಕ್ಕಳೇ 2022ರಲ್ಲಿ ಬೀದಿಗೆ ಬಂದರು. ಹಿಜಾಬ್ ಸರಿಯಾಗಿ ಧರಿಸಿಲ್ಲವೆಂದು ಹಿಡಿದೊಯ್ದ ಪೊಲೀಸರ ವಶದಲ್ಲಿದ್ದು ಸೆಪ್ಟೆಂಬರ್ 16ರಂದು ಸತ್ತ ಮಹ್ಸಾ ಅಮೀನಿ ಕುರ್ದಿಶ್ ಸಮುದಾಯದ ಹುಡುಗಿ. ಮನೆಯಲ್ಲಿ ಅವಳ ಹೆಸರು ಜೀನಾ. ಇಡೀ ದೇಶ ಕೂಗಿದ ‘ಹೆಣ್ಣು, ಬದುಕು, ಬಿಡುಗಡೆ’ ಎಂಬ ಘೋಷಣೆ ಮೊದಲು ಹುಟ್ಟಿದ್ದು ಕುರ್ದಿಶ್ ನುಡಿಯಲ್ಲಿ. ಅಂಚಿನ ಭಾಷೆಯೊಂದರ ಮೂರು ಪದಗಳನ್ನು ನಡುನಾಡಿನವರು ತಮ್ಮದಾಗಿಸಿಕೊಂಡದ್ದನ್ನು ನಾನು ಸಣ್ಣ ಸಂಗತಿಯೆಂದು ಎಣಿಸುವುದಿಲ್ಲ.

ಪ್ರಶ್ನೆ: ಮೇಡಂ, ನಾನು ಕಾನೂನು ಓದುತ್ತಿದ್ದೇನೆ. ನಮ್ಮ ಸೊಸಾಯಿಟಿಯ ನೇಪಾಳಿ ವಾಚ್‌ಮನ್ ದಾದಾ, ರಾಜ ಹೋದರೂ ತಮ್ಮ ಹಳ್ಳಿಯಲ್ಲಿ ಏನೂ ಬದಲಾಗಲಿಲ್ಲವೆನ್ನುತ್ತಾರೆ. ಆದರೆ ಅಲ್ಲಿನ ಸಂವಿಧಾನದಲ್ಲಿ ಹೆಂಗಸರಿಗೆ ಮತ್ತು ದಲಿತರಿಗೆ ಮೀಸಲಾತಿ ಇದೆಯೆಂದು ನಾವು ಓದುತ್ತೇವೆ. ಯಾವುದು ನಿಜ?
(ವಿದ್ಯಾರ್ಥಿನಿ, ಪುಣೆ)

ಉತ್ತರ: ಎರಡೂ ನಿಜ, ಮಗಳೇ. ಈ ಎರಡರ ನಡುವಿನ ಅಂತರದಲ್ಲೇ ನೀನು ನಾಳೆ ವಕೀಲಳಾಗಿ ಕೆಲಸ ಮಾಡಬೇಕಾಗಿರುವುದರಿಂದ ಸ್ವಲ್ಪ ವಿಸ್ತಾರವಾಗಿಯೇ ಬರೆಯುತ್ತೇನೆ.

1996ರಿಂದ 2006ರವರೆಗೆ ನಡೆದ ಮಾವೋವಾದಿ ಯುದ್ಧದಲ್ಲಿ ಹಳ್ಳಿಯ ಹುಡುಗಿಯರು ದೊಡ್ಡ ಸಂಖ್ಯೆಯಲ್ಲಿ ಬಂದೂಕು ಹಿಡಿದರು. ಬಾಲ್ಯವಿವಾಹದಿಂದ, ದಲಿತ ಕೇರಿಯ ಅವಮಾನದಿಂದ, ಜಮೀನ್ದಾರನ ಮನೆಯ ಜೀತದಿಂದ ತಪ್ಪಿಸಿಕೊಳ್ಳಲು ಅದೊಂದೇ ದಾರಿಯೆಂದು ನಂಬಿದವರು ಅವರು. ಯುದ್ಧ ಮುಗಿದು ವಿಶ್ವಸಂಸ್ಥೆಯ ತಂಡ ಶಿಬಿರಗಳಲ್ಲಿ ಪರಿಶೀಲಿಸಿ ಒಪ್ಪಿದ 19,602 ಯೋಧರಲ್ಲಿ 3,846 ಮಂದಿ ಹೆಂಗಸರಿದ್ದರು. ಕೊನೆಗೆ ರಾಷ್ಟ್ರೀಯ ಸೇನೆಗೆ ಸೇರಿದವರು ಒಟ್ಟು ಯೋಧರಲ್ಲಿ ಸಣ್ಣ ಪಾಲು, ಹೆಂಗಸರು ಇನ್ನೂ ಸಣ್ಣ ಪಾಲು. ಮಗುವನ್ನು ಕಂಕುಳಲ್ಲಿಟ್ಟುಕೊಂಡು ಹಳ್ಳಿಗೆ ಮರಳಿದವರಿಗೆ, ಜಾತಿ ಮೀರಿ ಮದುವೆಯಾಗಿದ್ದವರಿಗೆ, ಅತ್ತೆಮನೆ ಮತ್ತು ತವರುಮನೆಗಳೆರಡೂ ಬಾಗಿಲು ತೆರೆಯದ ಉದಾಹರಣೆಗಳು ಬಹಳ. ನಿಮ್ಮ ದಾದಾ ಹೇಳುವುದು ಈ ನೇಪಾಳದ ಮಾತನ್ನು.

ಇನ್ನೊಂದು ನೇಪಾಳ ಕಾಗದದ ಮೇಲಿನದು, ಅದನ್ನು ಬರೀ ಕಾಗದವೆಂದು ತಳ್ಳಿಹಾಕಬಾರದು. 2008ರಲ್ಲಿ ಚುನಾಯಿತವಾದ ಸಂವಿಧಾನ ಸಭೆಯ 601 ಸದಸ್ಯರಲ್ಲಿ 197 ಮಂದಿ ಹೆಂಗಸರಿದ್ದರು. ನಮ್ಮ ಸಂವಿಧಾನ ಸಭೆಯಲ್ಲಿದ್ದವರು 15 ಮಂದಿ, ದಲಿತ ಮಹಿಳೆ ದಾಕ್ಷಾಯಣಿ ವೇಲಾಯುಧನ್ ಒಬ್ಬರೇ ಎಂಬುದನ್ನು ನೆನೆದರೆ ಆ ಸಂಖ್ಯೆಯ ತೂಕ ತಿಳಿಯುತ್ತದೆ. 2015ರ ಸಂವಿಧಾನದ 38ನೆಯ ವಿಧಿ ಮಹಿಳೆಯರ ಹಕ್ಕುಗಳನ್ನು, 40ನೆಯ ವಿಧಿ ದಲಿತರ ಹಕ್ಕುಗಳನ್ನು ಬೇರೆಬೇರೆಯಾಗಿ ಹೆಸರಿಸಿ ಬರೆಯಿತು. ಸ್ಥಳೀಯ ಚುನಾವಣೆಯ ಕಾನೂನು ಪ್ರತಿ ವಾರ್ಡಿನ ನಾಲ್ವರು ಸದಸ್ಯರಲ್ಲಿ ಇಬ್ಬರು ಹೆಂಗಸರು, ಅವರಲ್ಲಿ ಒಬ್ಬಳು ದಲಿತಳು ಎಂದು ನಿಗದಿ ಮಾಡಿದ್ದರಿಂದ 2017ರಲ್ಲಿ 6,000ಕ್ಕೂ ಹೆಚ್ಚು ದಲಿತ ಹೆಂಗಸರು ಒಮ್ಮೆಲೇ ಜನಪ್ರತಿನಿಧಿಗಳಾದರು. ಹಿಂದಿನ ದಿನದವರೆಗೆ ಬಾವಿಕಟ್ಟೆ ಹತ್ತಲು ಬಿಡದವರ ಎದುರು ಕೂತು ಅವರು ಬಜೆಟ್ಟಿನ ಮಾತಾಡಬೇಕಾಯಿತು.

ಆದರೆ ಪಕ್ಷಗಳು ಎಷ್ಟು ಚುರುಕಾಗಿ ದಾರಿ ಹುಡುಕುತ್ತವೆ ನೋಡು. ಮೇಯರ್ ಮತ್ತು ಉಪಮೇಯರ್ ಉಮೇದುವಾರರಲ್ಲಿ ಒಬ್ಬರು ಹೆಂಗಸಾಗಿರಬೇಕೆಂದು ಕಾನೂನು ಹೇಳಿತೇ ಹೊರತು ಯಾವ ಸ್ಥಾನಕ್ಕೆಂದು ಹೇಳಲಿಲ್ಲ. 753 ಸ್ಥಳೀಯ ಸಂಸ್ಥೆಗಳಲ್ಲಿ ಮುಖ್ಯಸ್ಥರಾದ ಹೆಂಗಸರು 18, ಉಪಮುಖ್ಯಸ್ಥರಾದವರು 700. ನಾನಂತೂ ಈ ಲೆಕ್ಕ ಓದಿ ಬಹಳ ನಿರಾಶಳಾಗಿದ್ದೆ. ಆಮೇಲೆ ತಿಳಿದದ್ದು, ಸ್ಥಳೀಯ ನ್ಯಾಯ ಸಮಿತಿಯ ಸಂಚಾಲಕತ್ವವನ್ನು ಸಂವಿಧಾನ ಉಪಮುಖ್ಯಸ್ಥರಿಗೇ ವಹಿಸಿದೆಯೆಂದು. ಗಂಡನ ಹೊಡೆತ, ಜೀವನಾಂಶ, ಗದ್ದೆಯ ಬದುವಿನ ಜಗಳ ಇವನ್ನೆಲ್ಲ ಹೊತ್ತು ತಂದ ಹಳ್ಳಿಯ ಹೆಂಗಸು ಮೊದಲ ಸಲ ಒಬ್ಬ ಹೆಂಗಸಿನ ಎದುರು ಕೂತು ದೂರು ಹೇಳುವಂತಾಯಿತು. ಗೌಣವೆಂದು ಕೊಟ್ಟ ಸ್ಥಾನದಲ್ಲಿ ಹೀಗೊಂದು ಅಧಿಕಾರ ಇದ್ದದ್ದು ಕೊಟ್ಟವರಿಗೂ ಹೊಳೆದಿತ್ತೋ ಇಲ್ಲವೋ.

ಪೌರತ್ವದ ವಿಧಿಯನ್ನು ಮಾತ್ರ ನೀನು ಮೂಲದಲ್ಲೇ ಓದಬೇಕು. 38ನೆಯ ವಿಧಿ ಹೆಂಗಸಿಗೂ ಗಂಡಸಿಗೂ ವಂಶದ ಹಕ್ಕು ಸಮಾನವೆನ್ನುತ್ತದೆ. 11ನೆಯ ವಿಧಿಯಾದರೋ, ಪರದೇಶದವನನ್ನು ಮದುವೆಯಾದ ನೇಪಾಳಿ ಹೆಂಗಸಿನ ಮಗುವಿಗೆ ವಂಶದ ಪೌರತ್ವವನ್ನಲ್ಲ, ಅರ್ಜಿ ಹಾಕಿ ಪಡೆಯುವ ಅಂಗೀಕೃತ ಪೌರತ್ವವನ್ನು ಮಾತ್ರ ಕೊಡುತ್ತದೆ. ಪರದೇಶದವಳನ್ನು ಮದುವೆಯಾದ ಗಂಡಸಿನ ಮಗುವಿಗೆ ಈ ಅಡ್ಡಿಯಿಲ್ಲ. ರಾಷ್ಟ್ರಪತಿ, ಪ್ರಧಾನಿ, ಮುಖ್ಯ ನ್ಯಾಯಮೂರ್ತಿಯಂಥ ಹುದ್ದೆಗಳು ವಂಶದ ಪೌರರಿಗೆ ಮೀಸಲು. ಅಂದರೆ ಅಂಥ ತಾಯಿಯ ಮಗಳು ಎಂದೂ ಪ್ರಧಾನಿಯಾಗಲಾರಳು. ಈ ವಿಧಿಯ ಹಿಂದೆ, ಗಡಿಯಾಚೆಯ ಭಾರತೀಯ ಗಂಡಸರು ದಕ್ಷಿಣದ ಬಯಲುಸೀಮೆಯಾದ ತರಾಯಿಯ ಹೆಂಗಸರನ್ನು ಮದುವೆಯಾಗಿ ದೇಶವನ್ನು ತುಂಬಿಬಿಡುತ್ತಾರೆಂಬ ಭಯವಿದೆ. ಆದ್ದರಿಂದ ಇದರ ಹೊಡೆತ ಬೀಳುವುದು ಹೆಚ್ಚಾಗಿ ಆ ಬಯಲಿನ ಮಧೇಸಿ ಸಮುದಾಯದ ಹೆಂಗಸರ ಮೇಲೆ. ರಾಷ್ಟ್ರದ ಅಂಜಿಕೆಯನ್ನು ಹೆಂಗಸಿನ ಬಸಿರಿನ ಮೇಲೆ ಹೊರಿಸುವುದು ನಮಗೂ ಹೊಸದಲ್ಲ.

ಮತ್ತೊಂದು ಸಂಗತಿ. 2006ರಲ್ಲೇ ಅಲ್ಲಿನ ಸಂಸತ್ತು ದೇಶವನ್ನು ಅಸ್ಪೃಶ್ಯತಾಮುಕ್ತವೆಂದು ಘೋಷಿಸಿತ್ತು. 2020ರ ಮೇ ತಿಂಗಳಲ್ಲಿ, ರುಕುಂ ಜಿಲ್ಲೆಯಲ್ಲಿ, ಮೇಲ್ಜಾತಿಯೆನಿಸಿಕೊಂಡ ಮನೆಯ ಹುಡುಗಿಯನ್ನು ಪ್ರೀತಿಸಿ ಕರೆತರಲು ಹೋದ ದಲಿತ ಯುವಕ ಮತ್ತು ಅವನ ಗೆಳೆಯರನ್ನು ಊರವರು ಅಟ್ಟಿಸಿಕೊಂಡು ಹೋದರು. ಆರು ಮಂದಿ ಸತ್ತರು. ಆ ರುಕುಂ, ಮಾವೋವಾದಿಗಳ ಯುದ್ಧ ಶುರುವಾದ ಜಿಲ್ಲೆಗಳಲ್ಲೊಂದು.

ಪ್ರಶ್ನೆ: ಕರಡು ಬರೆಯುವಾಗ ಒಂದು ಪದ ಹೆಚ್ಚುಕಡಿಮೆಯಾದರೆ ಅಷ್ಟೊಂದು ವ್ಯತ್ಯಾಸವಾಗುತ್ತದೆಯೇ? ನಮ್ಮ ಶಾಲೆಯ ಮಕ್ಕಳಿಗೆ ಹೇಳಲು ಒಂದು ಉದಾಹರಣೆ ಕೊಡುವಿರಾ?
(ಶಿಕ್ಷಕಿ, ಗೋರೆಗಾಂವ್)

ಉತ್ತರ: ಉತ್ತರ ಆಫ್ರಿಕದ ಅರಬ್ ದೇಶವಾದ ಟ್ಯುನೀಷಿಯಾದ ಉದಾಹರಣೆ ಹೇಳಿ. 1956ರ ಆಗಸ್ಟ್ 13ರಂದು ಆ ದೇಶ ಬಹುಪತ್ನಿತ್ವವನ್ನು ನಿಷೇಧಿಸಿ, ವಿಚ್ಛೇದನವನ್ನು ನ್ಯಾಯಾಲಯಕ್ಕೆ ಒಪ್ಪಿಸಿದ ಕುಟುಂಬ ಕಾನೂನನ್ನು ತಂದಿತ್ತು. 2011ರ ಜನವರಿಯಲ್ಲಿ ಸರ್ವಾಧಿಕಾರಿ ಓಡಿಹೋದ ಮೇಲೆ ಹೊಸ ಸಂವಿಧಾನ ಬರೆಯಲು ಸಭೆ ಸೇರಿತು. ಪ್ರತಿ ಪಕ್ಷದ ಪಟ್ಟಿಯಲ್ಲೂ ಒಬ್ಬ ಗಂಡಸಾದ ಮೇಲೆ ಒಬ್ಬ ಹೆಂಗಸೆಂಬ ಕಟ್ಟುನಿಟ್ಟಿನ ನಿಯಮವಿದ್ದರೂ, ಪಟ್ಟಿಯ ಮೊದಲ ಹೆಸರು ಬಹುತೇಕ ಗಂಡಸಿನದೇ ಆಗಿದ್ದರಿಂದ, ಒಂದೊಂದೇ ಸ್ಥಾನ ಗೆದ್ದ ಪಕ್ಷಗಳಿಂದೆಲ್ಲ ಗಂಡಸರೇ ಬಂದರು. ಹೆಂಗಸರ ಪಾಲು ಸುಮಾರು ನಾಲ್ಕನೆಯ ಒಂದಕ್ಕೆ ನಿಂತಿತು. ಹಾಗಿದ್ದೂ ಆ ನಾಲ್ಕನೆಯ ಒಂದು ಪಾಲು ಸುಮ್ಮನೆ ಕೂರಲಿಲ್ಲ.

2012ರ ಕರಡಿನಲ್ಲಿ, ಕುಟುಂಬದೊಳಗೆ ಹೆಣ್ಣು ಗಂಡಿಗೆ ‘ಪೂರಕ’ ಎಂಬ ಅರ್ಥದ ಪದ ಕಾಣಿಸಿಕೊಂಡಿತು. ಈ ಪದ ನಮಗೆಲ್ಲ ಪರಿಚಿತ; ಮದುವೆಮನೆಯ ಆಶೀರ್ವಚನದಲ್ಲಿ, ನಮ್ಮ ಕನ್ನಡ ಸಂಘಗಳ ಮಹಿಳಾ ದಿನಾಚರಣೆಯ ಭಾಷಣಗಳಲ್ಲಿ ಎಷ್ಟು ಸಲ ಕೇಳಿಲ್ಲ? ಕಿವಿಗೆ ಹಿತವಾಗಿಯೇ ಇರುತ್ತದೆ. ಆದರೆ ಪೂರಕವಾದದ್ದಕ್ಕೆ ತನ್ನದೇ ಇರವಿಲ್ಲ, ಮುಖ್ಯವಾದ ಇನ್ನೊಂದಕ್ಕೆ ಅದು ಸೇರಿಕೊಳ್ಳುತ್ತದೆ. ಆಸ್ತಿಯ ವ್ಯಾಜ್ಯದಲ್ಲಿ ನ್ಯಾಯಾಧೀಶರ ಮುಂದೆ ಈ ಪದ ಬಂದರೆ ಏನಾಗುತ್ತದೆಂದು ಅಲ್ಲಿನ ಹೆಂಗಸರಿಗೆ ಚೆನ್ನಾಗಿ ತಿಳಿದಿತ್ತು. ಅದೇ ಆಗಸ್ಟ್ 13ರಂದು ಸಾವಿರಾರು ಮಂದಿ ಟ್ಯುನಿಸ್ ನಗರದ ಬೀದಿಗೆ ಬಂದರು. ಪದ ಹೋಯಿತು. 2014ರ ಸಂವಿಧಾನದ 21ನೆಯ ವಿಧಿ, ಗಂಡು ಪೌರರೂ ಹೆಣ್ಣು ಪೌರರೂ ಹಕ್ಕು ಮತ್ತು ಹೊಣೆಗಳಲ್ಲಿ ಸಮಾನರೆಂದಿತು. ಆ ಅಡಿಗಲ್ಲಿನ ಮೇಲೆ 2017ರಲ್ಲಿ ಮಹಿಳೆಯರ ಮೇಲಿನ ಹಿಂಸೆಯ ವಿರುದ್ಧದ ಕಾನೂನು, 2018ರಲ್ಲಿ ಜನಾಂಗೀಯ ತಾರತಮ್ಯದ ವಿರುದ್ಧದ ಕಾನೂನು ಬಂದವು. ಎರಡನೆಯದು ಮುಖ್ಯ, ಏಕೆಂದರೆ 1846ರಲ್ಲೇ ಗುಲಾಮಗಿರಿಯನ್ನು ರದ್ದುಮಾಡಿದ ಆ ದೇಶದಲ್ಲಿ ಕಪ್ಪು ಪ್ರಜೆಗಳು ಗುಲಾಮರ ಮಕ್ಕಳೆಂಬ ಬೈಗುಳವನ್ನು ಅಲ್ಲಿಯವರೆಗೂ ಕೇಳುತ್ತಲೇ ಬಂದಿದ್ದರು.

ಕಥೆಯ ಉಳಿದ ಭಾಗವನ್ನೂ ಮಕ್ಕಳಿಗೆ ಮುಚ್ಚಿಡಬೇಡಿ. 2021ರ ಜುಲೈನಲ್ಲಿ ರಾಷ್ಟ್ರಪತಿ ಕೈಸ್ ಸಯೀದ್ ಸಂಸತ್ತನ್ನು ಅಮಾನತಿನಲ್ಲಿಟ್ಟರು, ಸೆಪ್ಟೆಂಬರಿನಲ್ಲಿ ಅರಬ್ ಜಗತ್ತಿನ ಮೊದಲ ಮಹಿಳಾ ಪ್ರಧಾನಿಯಾಗಿ ನಜ್ಲಾ ಬೂದೆನ್ ಅವರನ್ನು ನೇಮಿಸಿದರು, ಮರುವರ್ಷ ಚುನಾವಣಾ ಕಾನೂನಿನಿಂದ ಹೆಂಗಸರ ಸಮಪಾಲಿನ ನಿಯಮವನ್ನು ತೆಗೆದುಹಾಕಿದರು. ಒಂದು ಕೈಯಲ್ಲಿ ಕುರ್ಚಿ ಕೊಟ್ಟು ಇನ್ನೊಂದು ಕೈಯಲ್ಲಿ ನಿಯಮ ಕಿತ್ತುಕೊಂಡದ್ದು ಹೀಗೆ. 2023ರ ಫೆಬ್ರವರಿಯಲ್ಲಿ ಸಯೀದ್ ಆಫ್ರಿಕದ ಕಪ್ಪು ವಲಸಿಗರ ವಿರುದ್ಧ ಆಡಿದ ಮಾತಿನ ಬೆನ್ನಿಗೇ ಆ ವಲಸಿಗರನ್ನು ಬಾಡಿಗೆ ಮನೆಗಳಿಂದ ಹೊರದೂಡಿ ಹೊಡೆದ ಘಟನೆಗಳು ನಡೆದವು. 2018ರ ಕಾನೂನು ಆಗಲೂ ಪುಸ್ತಕದಲ್ಲಿತ್ತು.

ಪ್ರಶ್ನೆ: ನಾನು ವಿಜಯಪುರ ಜಿಲ್ಲೆಯವನು, ಮೂವತ್ತು ವರ್ಷದಿಂದ ವಾಸ್ಕೊದಲ್ಲಿದ್ದೇನೆ. ಗಂಡನ ಆಸ್ತಿಯಲ್ಲಿ ಹೆಂಡತಿಗೆ ಅರ್ಧ ಎಂಬ ಗೋವಾದ ಕಾನೂನು ಪೋರ್ಚುಗಲ್ಲಿನ ಕ್ರಾಂತಿಯ ಕೊಡುಗೆ ಎನ್ನುತ್ತಾರೆ. ಹೌದೇ?
(ಓದುಗ, ವಾಸ್ಕೊ)

ಉತ್ತರ: ಪೂರ್ತಿ ಹೌದೆನ್ನಲಾಗದು. ಗಂಡಹೆಂಡಿರ ಆಸ್ತಿ ಇಬ್ಬರದೂ ಸಮಪಾಲು ಎಂಬ ಪದ್ಧತಿ ಬಂದದ್ದು ರಾಜರ ಕಾಲದ 1867ರ ಸಿವಿಲ್ ಸಂಹಿತೆಯಿಂದ. 1910ರ ಅಕ್ಟೋಬರ್ 5ರ ಕ್ರಾಂತಿಯಲ್ಲಿ ಪೋರ್ಚುಗಲ್ ಗಣರಾಜ್ಯವಾದ ಮೇಲೆ, ತಿಂಗಳು ಕಳೆಯುವುದರೊಳಗೆ, ನವೆಂಬರ್ 3ರಂದು ವಿಚ್ಛೇದನದ ಕಾನೂನು ಬಂತು. ಗೋವಾದ ಹಿಂದೂಗಳಿಗೆ ಧರ್ಮದ ಕಾರಣದಿಂದಿದ್ದ ಅಡ್ಡಿಗಳು ಸಡಿಲವಾದದ್ದೂ ಆ ಗಣರಾಜ್ಯದಲ್ಲಿ. ಆದ್ದರಿಂದ ಹಳೆಯ ಅರಸೊತ್ತಿಗೆ ಮತ್ತು ಹೊಸ ಕ್ರಾಂತಿಗಳೆರಡೂ ಬೆರೆತ ಕಾನೂನು ಅದು. ಮಗಳನ್ನು ಆಸ್ತಿಯಿಂದ ಸುಲಭವಾಗಿ ಹೊರಗಿಡಲು ಬಾರದಂತೆ ಅದು ಕಾದಿರುವುದು ನಿಜ, ಅದಕ್ಕಾಗಿ ಗೌರವಿಸುತ್ತೇನೆ. ಆದರೆ ಆ ಸಂಹಿತೆ ಅರ್ಧವನ್ನು ಹೆಂಡತಿಯ ಹೆಸರಿಗೆ ಬರೆದು, ಇಡೀ ಆಸ್ತಿಯ ಆಡಳಿತವನ್ನು ಗಂಡನ ಕೈಗೆ ಕೊಟ್ಟಿತ್ತೆಂಬುದನ್ನೂ, 1880ರ ಒಂದು ಶಾಸನ ಮಕ್ಕಳಾಗದಿದ್ದರೆ ಅಥವಾ ಗಂಡುಮಗುವಾಗದಿದ್ದರೆ ಹಿಂದೂ ಗಂಡಸಿಗೆ ಎರಡನೆಯ ಮದುವೆಯ ಅವಕಾಶವಿಟ್ಟಿತ್ತೆಂಬುದನ್ನೂ ಹೊಗಳುವವರು ಹೇಳುವುದಿಲ್ಲ.

ನನಗೆ ಇದಕ್ಕಿಂತ ಮುಖ್ಯವೆನಿಸುವುದು ಕಾಲದ ಲೆಕ್ಕ. 1961ರ ಡಿಸೆಂಬರ್ 19ರಂದು ಗೋವಾ ವಿಮೋಚನೆಗೊಂಡಿತು. 1962ರ ಆಡಳಿತ ಕಾಯ್ದೆ ಹಳೆಯ ಕಾನೂನುಗಳನ್ನು ಮುಂದುವರಿಸಿತು. ವಿಮೋಚನೆಯಾಗಿ ಹನ್ನೆರಡು ವರ್ಷದ ಮೇಲೆ, 1974ರ ಏಪ್ರಿಲ್ 25ರಂದು, ಪೋರ್ಚುಗಲ್ಲಿನಲ್ಲಿ ಇನ್ನೊಂದು ಕ್ರಾಂತಿಯಾಯಿತು. 1976ರ ಸಂವಿಧಾನ ಗಂಡಹೆಂಡಿರನ್ನು ಸಮಾನರೆಂದಿತು, ಮರುವರ್ಷ ಕುಟುಂಬ ಕಾನೂನು ತಿದ್ದುಪಡಿಯಾಯಿತು. ಅಷ್ಟು ಹೊತ್ತಿಗೆ ಗೋವಾ ಪೋರ್ಚುಗಲ್ಲಿನದಾಗಿರಲಿಲ್ಲ. ಹಾಗಾಗಿ ಲಿಸ್ಬನ್ನಿನ ಹೆಂಡತಿಗೆ ಬಂದದ್ದು ಮಡಗಾಂವಿನ ಹೆಂಡತಿಗೆ ಬರಲಿಲ್ಲ. ಹಳೆಯ ಯಜಮಾನ ತಿದ್ದಿಕೊಂಡ ಮೇಲೂ ಅವನ ಹಳೆಯ ಸಂಹಿತೆ ಇಲ್ಲಿ ಉಳಿಯಿತು.

ವಿಮೋಚನೆಯ ಪಾಲು ಯಾರಿಗೆ ತಡವಾಯಿತೆಂದೂ ನೋಡಿ. ಈ ನೆಲದ ಮೊದಲ ಒಕ್ಕಲೆನ್ನಲಾಗುವ ಗಾವಡಾ, ಕುಣಬಿ ಮತ್ತು ವೇಳಿಪ್ ಜನ ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದ್ದು 2003ರಲ್ಲಿ. 2022ರ ಚುನಾವಣೆಯವರೆಗೂ 40 ಸ್ಥಾನಗಳ ವಿಧಾನಸಭೆಯಲ್ಲಿ ಅವರಿಗೆ ಒಂದೂ ಮೀಸಲು ಸ್ಥಾನವಿರಲಿಲ್ಲ. ಇನ್ನು ಗೋವಾದ ರಸ್ತೆ, ಬಂದರು, ಕಟ್ಟಡಗಳಿಗೆ ಕಲ್ಲುಮಣ್ಣು ಹೊತ್ತ ನಮ್ಮ ಕಡೆಯ ಲಂಬಾಣಿ ಮತ್ತು ಇತರ ಕೂಲಿಕಾರ ಹೆಂಗಸರ ಮಾತು ಯಾವ ವಿಮೋಚನಾ ದಿನದ ಭಾಷಣದಲ್ಲಿ ಬರುತ್ತದೆ? ಅದು ನನಗಿಂತ ನಿಮಗೆ ಚೆನ್ನಾಗಿ ಗೊತ್ತು.

ಪ್ರಶ್ನೆ: ಅಕ್ಕ, ನನ್ನ ಮಗನಾಗಿ ಹುಟ್ಟಿದ ಮಗು ತಾನು ಹೆಣ್ಣೆಂದು ಹೇಳಿ ಎರಡು ವರ್ಷವಾಯಿತು. ಮನೆಯಲ್ಲಿ ನಾನೊಬ್ಬಳೇ ಅವಳ ಜೊತೆಗಿದ್ದೇನೆ. ಇರಾನಿನಲ್ಲಿ ಸರಕಾರವೇ ಶಸ್ತ್ರಚಿಕಿತ್ಸೆಗೆ ಒಪ್ಪಿಗೆ ಕೊಡುತ್ತದೆಂದು ಕೇಳಿದೆ. ಅಷ್ಟು ಕಟ್ಟುನಿಟ್ಟಿನ ದೇಶ ಇದನ್ನು ಹೇಗೆ ಒಪ್ಪಿತು?
(ತಾಯಿ, ಠಾಣೆ)

ಉತ್ತರ: ತಂಗಿ, ಪತ್ರದ ಎರಡನೆಯ ಸಾಲಿನಲ್ಲೇ ನೀವು ‘ಅವಳ’ ಎಂದು ಬರೆದಿದ್ದೀರಿ. ಮಗುವಿಗೆ ಮೊದಲು ಬೇಕಾದದ್ದು ಅದು, ಅದನ್ನು ನೀವು ಕೊಟ್ಟಿದ್ದೀರಿ.

ಇರಾನಿನಲ್ಲಿ ಮರ್ಯಮ್ ಖಾತೂನ್ ಮೊಲ್ಕಾರಾ ಎಂಬುವರು ವರ್ಷಗಟ್ಟಲೆ ಪತ್ರ ಬರೆದು, ಏಟು ತಿಂದು, ಕೊನೆಗೆ ಖೊಮೇನಿಯವರ ಬಳಿಗೇ ಹೋಗಿ ತಮ್ಮ ಸ್ಥಿತಿಯನ್ನು ವಿವರಿಸಿದ್ದರಿಂದ 1980ರ ದಶಕದಲ್ಲಿ ಶಸ್ತ್ರಚಿಕಿತ್ಸೆಗೆ ಧಾರ್ಮಿಕ ಅನುಮತಿ ಸಿಕ್ಕಿತು. ಒಬ್ಬರ ಹಠ ಎಷ್ಟು ಜನರಿಗೆ ದಾರಿಯಾಯಿತೆಂದು ಬೆರಗಾಗುತ್ತದೆ. ಆದರೆ ಅದೇ ದೇಶದಲ್ಲಿ ಸಲಿಂಗ ಸಂಬಂಧಕ್ಕೆ ಮರಣದಂಡನೆಯವರೆಗೂ ಶಿಕ್ಷೆಯಿದೆ. ಆದ್ದರಿಂದ ಶಸ್ತ್ರಚಿಕಿತ್ಸೆ ಬೇಡದವರ ಮೇಲೂ ಅದನ್ನು ಮಾಡಿಸಿಕೊಳ್ಳುವ ಒತ್ತಡ ಬೀಳುತ್ತದೆ. ಅನುಮತಿ ಬೇರೆ, ಹಕ್ಕು ಬೇರೆ. ಅನುಮತಿ ಕೊಡುವವನು ಷರತ್ತನ್ನೂ ತಾನೇ ಬರೆಯುತ್ತಾನೆ.

ನೇಪಾಳದ ಸರ್ವೋಚ್ಚ ನ್ಯಾಯಾಲಯ 2007ರ ಡಿಸೆಂಬರಿನಲ್ಲಿ ಹಿಡಿದ ದಾರಿ ಬೇರೆ. ವ್ಯಕ್ತಿ ತನ್ನನ್ನು ಏನೆಂದು ಅರಿತಿದ್ದಾಳೋ ಅದೇ ಅವಳ ಗುರುತಿಗೆ ಆಧಾರವೆಂದು ಅದು ಹೇಳಿತು. ಆ ಮೊಕದ್ದಮೆ ಹೂಡಿದವರಲ್ಲಿ ಒಬ್ಬರಾದ ಸುನೀಲ್ ಬಾಬು ಪಂತ್ ಮುಂದಿನ ವರ್ಷ ಸಂವಿಧಾನ ಸಭೆಯ ಸದಸ್ಯರಾದರು, 2015ರ ಸಂವಿಧಾನದಲ್ಲಿ ಲಿಂಗತ್ವ ಅಲ್ಪಸಂಖ್ಯಾತರ ಹೆಸರು ಬಂತು. ನಮ್ಮ ಸುಪ್ರೀಂ ಕೋರ್ಟ್ 2014ರ ಏಪ್ರಿಲ್ 15ರಂದು ಗುರುತಿನ ನಿರ್ಧಾರ ಆಯಾ ವ್ಯಕ್ತಿಯದೆಂದು ತೀರ್ಪು ಕೊಟ್ಟಿತು. 2019ರ ಕಾಯ್ದೆ ಅದಕ್ಕೆ ಜಿಲ್ಲಾ ಮ್ಯಾಜಿಸ್ಟ್ರೇಟರ ಪ್ರಮಾಣಪತ್ರವನ್ನು ಸೇರಿಸಿತು, ಅದನ್ನು ಸಮುದಾಯದವರು ವಿರೋಧಿಸಿದರು, ನನ್ನ ಮಟ್ಟಿಗೆ ಅವರ ವಿರೋಧ ಸರಿಯಾದದ್ದು.

ನಿಮ್ಮ ಯಜಮಾನರಿಗೆ ಇದೆಲ್ಲ ಪರದೇಶದ ಮಾತೆನಿಸಿದರೆ, ಬಳ್ಳಾರಿ ಸೀಮೆಯ ಮಂಜಮ್ಮ ಜೋಗತಿ ಅವರ ಬದುಕನ್ನು ಹೇಳಿ. ಮನೆಯಿಂದ ಹೊರಬಿದ್ದು, ಜೋಗತಿ ಕುಣಿತ ಕಲಿತು, 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷೆಯಾಗಿ, ಪದ್ಮಶ್ರೀಯನ್ನೂ ಪಡೆದವರು ಅವರು. ಹೇಳುವಾಗ ಒಂದು ಮಾತು ಸೇರಿಸಿ: ಅವರು ಹೊರಬೀಳಬೇಕಾಗಿ ಬಂದ ಆ ಬಾಗಿಲನ್ನು ನೀವು ಮುಚ್ಚಬೇಡಿ. ಮಗುವಿನ ಓದು ನಿಲ್ಲದಂತೆ ನೋಡಿಕೊಳ್ಳಿ, ಮಿಕ್ಕದ್ದಕ್ಕೆ ಸಮಯವಿದೆ.

ಪ್ರಶ್ನೆ: ಅಕ್ಕಾವರೇ, ನಾನು ಯಾದಗಿರಿ ಕಡೆಯವಳು, ಪುಣೆಯಲ್ಲಿ ನಾಲ್ಕು ಮನೆ ಕೆಲಸ ಮಾಡುತ್ತೇನೆ. ಮಗಳ ಕೈಯಿಂದ ಬರೆಸಿದ್ದೇನೆ. ನೀವು ಬರೆಯುವ ದೊಡ್ಡ ದೊಡ್ಡ ಕಾನೂನಿನಲ್ಲಿ ನಮ್ಮಂಥವರ ಹೆಸರು ಇರುತ್ತದೇನು? ಒಂದು ಮನೆಯಲ್ಲಿ ಯಜಮಾನರ ತಮ್ಮ ನನ್ನ ಜೊತೆ ಕೆಟ್ಟದಾಗಿ ನಡೆದುಕೊಂಡ. ಕೆಲಸ ಬಿಟ್ಟು ಒಂದು ತಿಂಗಳಾಯಿತು.
(ಮನೆಗೆಲಸದಾಕೆ, ಪುಣೆ)

ಉತ್ತರ: ಇರುತ್ತದೆ ತಾಯಿ, ಒಂದರಲ್ಲಿ ಇದೆ. ಕೆಲಸದ ಜಾಗದಲ್ಲಿ ಲೈಂಗಿಕ ಕಿರುಕುಳ ತಡೆಯುವ ಕಾನೂನಿನ 2010ರ ಕರಡಿನಲ್ಲಿ ಮನೆಗೆಲಸದವರನ್ನು ಹೊರಗಿಟ್ಟಿದ್ದರು. ಮನೆಯೊಳಗಿನ ಮಾತಿಗೆ ಸಾಕ್ಷಿ ತರುವುದು ಹೇಗೆಂಬ ವಾದ ಮುಂದಿಟ್ಟಿದ್ದರು. ಮನೆಗೆಲಸದವರ ಸಂಘಟನೆಗಳು ಮತ್ತು ಮಹಿಳಾ ಸಂಘಟನೆಗಳು ಬಿಡಲಿಲ್ಲ. ಸಂಸತ್ತಿನ ಸ್ಥಾಯಿ ಸಮಿತಿಯೂ ಅವರನ್ನು ಸೇರಿಸಬೇಕೆಂದಿತು. 2013ರ ಕಾಯ್ದೆಯಲ್ಲಿ ಮನೆಗೆಲಸದವರೆಂಬ ಪದವೇ ಬಂತು. ನಿಮ್ಮಂಥವರು ಕೇಳಿದ್ದರಿಂದ ನಿಮ್ಮ ಹೆಸರು ಅಲ್ಲಿದೆ.

ಅದರಂತೆ ಪ್ರತಿ ಜಿಲ್ಲೆಯಲ್ಲೂ ಒಂದು ಸ್ಥಳೀಯ ಸಮಿತಿ ಇರಬೇಕು. ಪುಣೆಯ ಜಿಲ್ಲಾಧಿಕಾರಿ ಕಚೇರಿಯಲ್ಲಿ ಅದರ ವಿವರ ಕೇಳಿ. ಘಟನೆ ನಡೆದ ಮೂರು ತಿಂಗಳೊಳಗೆ ದೂರು ಕೊಡಬೇಕು, ನಿಮಗಿನ್ನೂ ಸಮಯವಿದೆ. ಬರೆಯಲು ಬಾರದವರಿಗೆ ಬರೆದುಕೊಡಲು ನೆರವಾಗುವುದು ಸಮಿತಿಯ ಹೊಣೆ. ಮೇಲ್ನೋಟಕ್ಕೆ ದೂರಿನಲ್ಲಿ ಹುರುಳಿದ್ದರೆ ಏಳು ದಿನದೊಳಗೆ ಅವರೇ ಪೊಲೀಸರಿಗೆ ಕಳಿಸಬೇಕು. ಒಬ್ಬರೇ ಹೋಗಬೇಡಿ, ನಿಮ್ಮ ಓಣಿಯಲ್ಲಿ ಮನೆಗೆಲಸದವರ ಸಂಘಟನೆಯಿದ್ದರೆ ಅವರನ್ನು ಕರೆದುಕೊಳ್ಳಿ. ಯಾವ ದಿನ, ಎಷ್ಟು ಹೊತ್ತಿಗೆ, ಮನೆಯಲ್ಲಿ ಇನ್ಯಾರಿದ್ದರು ಎಂಬುದನ್ನು ಮರೆಯುವ ಮೊದಲು ಇಂದೇ ಬರೆಸಿಡಿ. ನಿಮ್ಮ ಮಗಳ ಅಕ್ಷರ ಬಹಳ ದುಂಡಾಗಿದೆ. ಅವಳೇ ಬರೆಯಲಿ, ನಾವು ಮರಾಠಿಗೆ ಮಾಡಿಕೊಡುತ್ತೇವೆ. ಪತ್ರಿಕೆಯ ವಿಳಾಸಕ್ಕೆ ಕಳಿಸಿ, ಲಕೋಟೆಯ ಮೇಲೆ ‘ಖಾಸಗಿ’ ಎಂದು ಬರೆಯಿರಿ.